ಅಡ್ವಾನ್ಸ್ ದುಡ್ಡು ವಾಪಸ್ ಬಂತು: ದಾರಿ ತೋರಿಸಿದವರಿಗೆಲ್ಲ ಥ್ಯಾಂಕ್ಸ್

ಹಳೇ ಮನೆಯ ಅಡ್ವಾನ್ಸ್ ಕೊನೆಗೂ ಕೈ ಸೇರಿತು. ಚೆಕ್ ಬ್ಯಾಂಕಿನಲ್ಲಿ ಪಾಸ್ ಆಗಲಿ, ಆಮೇಲೆ ಬರೆಯೋಣ ಅಂತ ಕಾದಿದ್ದೆ. ನಮ್ಮ ಗೋಳು ಕೇಳಿಸಿಕೊಂಡವರು ಬಹಳ ಜನ. ಎಲ್ಲರಿಗೂ ಫೋನ್ ಮಾಡಿ ಹೇಳುವುದು ಆಗದ ಮಾತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಕಡೆ. ಅಪಾರ್ಟ್‌ಮೆಂಟ್ ಖಾಲಿ ಮಾಡುವಾಗ ಮೂಲೆ ಮೂಲೆ ತೊಳೆದು ಕೊಟ್ಟಿದ್ದೆವು. ಅತ್ತೆ ಕೂತು ಒಲೆ ಉಜ್ಜಿದ್ದರು. ಆದರೂ ಬಾಡಿಗೆ ನೋಡಿಕೊಳ್ಳುವ ಕಂಪನಿಯಿಂದ ಪಟ್ಟಿ ಬಂತು. ಹೊಸ ಕಾರ್ಪೆಟ್, ಇಡೀ ಮನೆಗೆ ಪೇಂಟ್, ಒಂದು ಕಿಟಕಿ ಪರದೆ, ಜೊತೆಗೆ 'ಅಡುಗೆ ವಾಸನೆ' ತೆಗೆಸಿದ ಖರ್ಚು. ನಾವು ಕೊಟ್ಟಿದ್ದ 3,400 ಡಾಲರ್ ಅಡ್ವಾನ್ಸಿನಲ್ಲಿ ಒಂದು ಪೈಸೆಯೂ ಉಳಿದಿರಲಿಲ್ಲ. "ಒಗ್ಗರಣೆ ಹಾಕಿದ್ದಕ್ಕೂ ದಂಡವೇನೇ?" ಅಂತ ಅತ್ತೆ ಕೇಳಿದರು. ನಮ್ಮನೆಯವರು ಮಾತ್ರ ಬಿಟ್ಟುಬಿಡೋಣ ಅಂದರು. ಬೆಂಗಳೂರಿನಲ್ಲೂ ಪೇಂಟಿಂಗ್ ಅಂತ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳುತ್ತಾರೆ, ಅಲ್ವಾ ಅನ್ನುವುದು ಅವರ ವಾದ.

ಮೊದಲ ಥ್ಯಾಂಕ್ಸ್ ನಮ್ಮ ಕೌಂಟಿಯ (ನಮ್ಮೂರ ಕಡೆಯ ಜಿಲ್ಲೆ ಇದ್ದ ಹಾಗೆ) ಕಾನೂನು ಲೈಬ್ರರಿಯ ಲೈಬ್ರರಿಯನ್‌ಗೆ. ಹೀಗೊಂದು ಲೈಬ್ರರಿ ಇದೆ ಅನ್ನುವುದೇ ಇಲ್ಲಿನ ಎಷ್ಟೋ ಜನಕ್ಕೆ ಗೊತ್ತಿಲ್ಲ. 1891ರ ಕಾನೂನಿನ ಪುಣ್ಯದಿಂದ ಕ್ಯಾಲಿಫೋರ್ನಿಯಾದ ಕೌಂಟಿ ಕೌಂಟಿಗೂ ಒಂದೊಂದು ಇದೆ. ವಕೀಲರೇ ಆಗಬೇಕಿಲ್ಲ, ಯಾರು ಬೇಕಾದರೂ ಒಳಗೆ ಹೋಗಬಹುದು. ಕೋರ್ಟಿನಲ್ಲಿ ಸಿವಿಲ್ ದಾವೆ ಹಾಕುವವರು ಕಟ್ಟುವ ಫೀಸಿನಲ್ಲಿ ಒಂದು ಪಾಲು ಈ ಲೈಬ್ರರಿಗೆ ಹೋಗುತ್ತದೆ. ಎಷ್ಟು ಒಳ್ಳೆಯ ಏರ್ಪಾಡು ನೋಡಿ.

ಆಯಮ್ಮ ಮೊದಲೇ ಖಡಾಖಂಡಿತವಾಗಿ ಹೇಳಿದರು. ನಾನು ವಕೀಲಳಲ್ಲ, ನಿಮ್ಮ ಕೇಸ್ ಗೆಲ್ಲುತ್ತದೋ ಇಲ್ಲವೋ ಅಂತ ಹೇಳೋ ಹಾಗಿಲ್ಲ, ಎಲ್ಲಿ ಹುಡುಕಬೇಕು ಅಂತ ಬೇಕಾದರೆ ತೋರಿಸುತ್ತೇನೆ ಅಂತ. ಆ ಕ್ಷಣ ಸ್ವಲ್ಪ ಪೆಚ್ಚಾಯಿತು, ನಿಜ. ಆದರೆ ಉತ್ತರ ಕೈಗಿಟ್ಟಿದ್ದರೆ ನಾನು ಇಷ್ಟು ಕಲಿಯುತ್ತಿರಲಿಲ್ಲ.

ಅವರು ಕೇಳಿದ ಮೊದಲ ಪ್ರಶ್ನೆ: ಇದು ಯಾವ ಸರ್ಕಾರದ ಕಾನೂನಿಗೆ ಬರುತ್ತದೆ? ಒಂದು ಹಾಳೆ ತೆಗೆದುಕೊಂಡು ಪಕ್ಕಪಕ್ಕದಲ್ಲಿ ಎರಡು ಏಣಿ ಬರೆದರು. ಒಂದು ಒಕ್ಕೂಟ ಸರ್ಕಾರದ್ದು. ಕೆಳಗೆ 94 ಜಿಲ್ಲಾ ಕೋರ್ಟು, ನಡುವೆ 13 ಮೇಲ್ಮನವಿ ಕೋರ್ಟು, ತುದಿಯಲ್ಲಿ 9 ನ್ಯಾಯಮೂರ್ತಿಗಳ ಸುಪ್ರೀಂ ಕೋರ್ಟು. ಇನ್ನೊಂದು ಕ್ಯಾಲಿಫೋರ್ನಿಯಾದ್ದು. ಅದಕ್ಕೂ ಕೆಳಗಿನ ಕೋರ್ಟು, ಮೇಲ್ಮನವಿ ಕೋರ್ಟು, ತನ್ನದೇ ಸುಪ್ರೀಂ ಕೋರ್ಟು ಎಲ್ಲ ಇವೆ. ನಮ್ಮಲ್ಲಿ ಶಿವಮೊಗ್ಗದ ಕೋರ್ಟಿನಿಂದ ಹೊರಟ ಕೇಸು ಹೈಕೋರ್ಟ್ ದಾಟಿ ದೆಹಲಿಗೆ ಹೋಗುವುದು ಒಂದೇ ಏಣಿಯಲ್ಲಿ. ಇಲ್ಲಿ ಹಾಗಲ್ಲ. ರಾಜ್ಯದ ಕಾನೂನಿಗೆ ಏನು ಅರ್ಥ ಅನ್ನುವುದರಲ್ಲಿ ರಾಜ್ಯದ ಸುಪ್ರೀಂ ಕೋರ್ಟಿನ ಮಾತೇ ಕೊನೆ. ಒಕ್ಕೂಟದ ಕಾನೂನೋ ಸಂವಿಧಾನವೋ ಅಡ್ಡ ಬಂದರೆ ಮಾತ್ರ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟು ತಲೆ ಹಾಕುತ್ತದೆ.

ಈ ಹಾಳೆ ನೋಡಿದ ಮೇಲೆ ನಮ್ಮ ವಾಟ್ಸಾಪ್ ಗುಂಪಿನ ಜಗಳ ಬಗೆಹರಿಯಿತು. ಅಡ್ವಾನ್ಸ್ ವಾಪಸ್ ಕೊಡೋಕೆ 30 ದಿನ ಗಡುವು ಅಂತ ಡಲ್ಲಾಸಿನ ಚಿಕ್ಕಪ್ಪನ ಮಗ. ಅಲ್ಲ, 14 ದಿನ ಅಂತ ನ್ಯೂಯಾರ್ಕಿನ ಗೆಳತಿ. ಇಬ್ಬರೂ ಹೇಳಿದ್ದು ಸರಿಯೇ. ಟೆಕ್ಸಸ್‌ಗೆ ಅದು, ನ್ಯೂಯಾರ್ಕಿಗೆ ಇದು. ಕ್ಯಾಲಿಫೋರ್ನಿಯಾದಲ್ಲಿ 21 ದಿನ. ನಮಗಾಗಿ ಅಷ್ಟು ವಾದ ಮಾಡಿದ ನಿಮ್ಮಿಬ್ಬರಿಗೂ ಥ್ಯಾಂಕ್ಸ್ ಕಣ್ರಪ್ಪಾ.

ಆಮೇಲೆ ನೇರವಾಗಿ ಕಾಯ್ದೆ ಪುಸ್ತಕ ಕೊಡುತ್ತಾರೆ ಅಂದುಕೊಂಡರೆ, ಕೊಟ್ಟಿದ್ದು ಬಾಡಿಗೆದಾರರಿಗೆ ಸರಳವಾಗಿ ಬರೆದ ಒಂದು ಕೈಪಿಡಿ. ಮೊದಲು ವಿಷಯ ತಿಳಿದುಕೊಳ್ಳಿ, ಅಡಿಟಿಪ್ಪಣಿಯಲ್ಲಿ ಸೆಕ್ಷನ್ ನಂಬರ್ ಸಿಗುತ್ತದೆ, ಅದನ್ನು ಹಿಡಿದು ಕಾಯ್ದೆಗೆ ಹೋಗಿ ಅಂತ. ಕೈಪಿಡಿಯಲ್ಲಿರುವುದು ಯಾರೋ ಬರೆದ ವಿವರಣೆ, ಜಡ್ಜ್ ಅದಕ್ಕೆ ತಲೆಬಾಗಬೇಕಿಲ್ಲ. ಕಾಯ್ದೆ ಮತ್ತು ತೀರ್ಪಿಗಾದರೆ ಬಾಗಲೇಬೇಕು. ಕ್ಯಾಲಿಫೋರ್ನಿಯಾದ ಕಾಯ್ದೆಗಳು ಒಟ್ಟು 29 ಸಂಹಿತೆಗಳಲ್ಲಿ, ಅಂದರೆ ವಿಷಯವಾರು ಸಂಗ್ರಹಗಳಲ್ಲಿ, ಹಂಚಿಹೋಗಿವೆ. ನಮ್ಮದು ಸಿವಿಲ್ ಸಂಹಿತೆಯ 1950.5ನೇ ಸೆಕ್ಷನ್. ಸೆಕ್ಷನ್ ಕೆಳಗೇ ಅದರ ಮೇಲೆ ಬಂದ ತೀರ್ಪುಗಳ ಸಾರವನ್ನೂ ಅಚ್ಚು ಹಾಕಿದ ದಪ್ಪ ಸಂಪುಟ ತಂದಿಟ್ಟರು. ನಾನು ಪುಟ ತಿರುವಲು ಹೋದರೆ, ಅವರು ಪುಸ್ತಕ ಮಗುಚಿ ಹಿಂದಿನ ರಟ್ಟು ತೆರೆದರು. ರಟ್ಟಿನ ಒಳಗೆ ಒಂದು ಜೇಬು! ಅದರಲ್ಲಿ ಸಿಕ್ಕಿಸಿದ ತೆಳು ಪುಸ್ತಿಕೆ. ಸಂಪುಟ ಅಚ್ಚಾದ ಮೇಲೆ ಆದ ತಿದ್ದುಪಡಿಗಳೆಲ್ಲ ಅದರಲ್ಲಿರುತ್ತವೆ. ಯಾವಾಗಲೂ ಜೇಬು ನೋಡದೆ ಪುಸ್ತಕ ನಂಬಬೇಡಿ ಅಂದರು.

ಸೆಕ್ಷನ್ ಓದುತ್ತಾ ಹೋದ ಹಾಗೆ ನನಗೆ ಧೈರ್ಯ ಬಂತು. ಮನೆ ಬಿಟ್ಟ 21 ದಿನದೊಳಗೆ ದುಡ್ಡು ಕೊಡಬೇಕು, ಇಲ್ಲವೇ ಯಾವುದಕ್ಕೆ ಎಷ್ಟು ಮುರಿದುಕೊಂಡೆವು ಅಂತ ಲೆಕ್ಕ ಕಳಿಸಬೇಕು. ರಿಪೇರಿ, ಕ್ಲೀನಿಂಗ್ ಸೇರಿ 125 ಡಾಲರ್ ಮೀರಿದರೆ ಬಿಲ್ಲುಗಳ ಪ್ರತಿ ಲಗತ್ತಿಸಬೇಕು. ದಿನಬಳಕೆಯಲ್ಲಿ ಆಗುವ ಸಹಜ ಸವೆತಕ್ಕೆ ದುಡ್ಡು ಹಿಡಿಯುವಂತಿಲ್ಲ. ಕೆಟ್ಟ ಉದ್ದೇಶದಿಂದ ಹಿಡಿದಿಟ್ಟುಕೊಂಡರೆ, ಅಡ್ವಾನ್ಸಿನ ಎರಡು ಪಟ್ಟಿನವರೆಗೆ ದಂಡವೂ ಬೀಳಬಹುದು.

ಅಪ್ಪನಿಗೂ ಇಲ್ಲಿ ಒಂದು ನಮಸ್ಕಾರ ಸಲ್ಲಬೇಕು. ಶಿವಮೊಗ್ಗದಲ್ಲಿ ವಕೀಲರೊಬ್ಬರ ಹತ್ತಿರ ಗುಮಾಸ್ತರಾಗಿದ್ದವರು. ಸೆಕ್ಷನ್ ಕೆಳಗೆ ಒಂದು ತೀರ್ಪಿನ ಮುಂದೆ '9 ಕ್ಯಾಲ್. 4ತ್ 738' ಅಂತ ಇತ್ತು. ಫೋನಿನಲ್ಲಿ ಓದಿ ಹೇಳಿದ ತಕ್ಷಣ, "ಅದೇನ್ ಮಹಾ, ಮೊದಲು ಸಂಪುಟ, ಕೊನೆಗೆ ಪುಟ" ಅಂದರು. ನಮ್ಮ ದೇಶದ ತೀರ್ಪು ವರದಿಗಳಲ್ಲಿ 'ಎಐಆರ್ 1973 ಎಸ್‌ಸಿ 1461' ಅಂದರೆ ಸುಪ್ರೀಂ ಕೋರ್ಟಿನಲ್ಲಿ ನಡೆದ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮಿಗಳ ಕೇಸು, ಅಲ್ಲಿ ಸಂಪುಟದ ಜಾಗದಲ್ಲಿ ಇಸವಿ ಇರುತ್ತದೆ ಅಷ್ಟೇ ಅಂತ ಪಾಠ ಬೇರೆ. ಅಪ್ಪ ಹೇಳಿದ ಹಾಗೇ, ಕ್ಯಾಲಿಫೋರ್ನಿಯಾ ವರದಿಗಳ ನಾಲ್ಕನೇ ಸರಣಿಯ 9ನೇ ಸಂಪುಟ, 738ನೇ ಪುಟ. 1995ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಕೊಟ್ಟ ಗ್ರಾನ್‌ಬೆರಿ ತೀರ್ಪು.

ಅದರಲ್ಲಿ ನಮಗೆ ಬೇಕಾದ ಮಾತು ಇತ್ತು. ಗಡುವಿನೊಳಗೆ ಲೆಕ್ಕ ಕೊಡದ ಮಾಲೀಕ ಅಡ್ವಾನ್ಸ್ ಇಟ್ಟುಕೊಳ್ಳುವ ಹಕ್ಕು ಕಳೆದುಕೊಳ್ಳುತ್ತಾನೆ, ಪೂರ್ತಿ ವಾಪಸ್ ಕೊಡಬೇಕು ಅಂತ. ನಾನು ಖುಷಿಯಿಂದ ಪುಸ್ತಕ ಮುಚ್ಚುವುದರಲ್ಲಿದ್ದೆ. ಕೊನೆಯವರೆಗೆ ಓದಿ ಅಂದರು ಲೈಬ್ರರಿಯನ್. ಓದಿದರೆ, ಮುಂದೆ ನಮಗೆ ಬೇಡದ ಮಾತೂ ಇತ್ತು. ನಿಜವಾದ ಹಾನಿ ಆಗಿದ್ದರೆ ಮಾಲೀಕ ಅದನ್ನು ಕೋರ್ಟಿನಲ್ಲಿ ಬೇರೆಯಾಗಿ ಕೇಳಬಹುದು. ತೀರ್ಪು ಓದುವುದು ಹಲಸಿನ ಹಣ್ಣು ಬಿಡಿಸಿದ ಹಾಗೆ, ತೊಳೆಯ ಜೊತೆ ಅಂಟೂ ಕೈಗೆ ಬರುತ್ತದೆ. ಹಾಗಾಗಿ ಗಡುವು ಮೀರಿದ್ದನ್ನೂ ತೋರಿಸಬೇಕು, ಹಾನಿ ಆಗಿಲ್ಲ ಅನ್ನುವುದಕ್ಕೆ ಫೋಟೋಗಳನ್ನೂ ಇಟ್ಟುಕೊಳ್ಳಬೇಕು ಅಂತ ಆಗ ಅರ್ಥವಾಯಿತು. ಇನ್ನೊಂದು ವಿಷಯ. ಆ ಕೇಸು ನಡೆದಾಗ ಕಾಯ್ದೆಯಲ್ಲಿದ್ದ ಗಡುವು ಎರಡು ವಾರ. ಆಮೇಲೆ ಕಾಯ್ದೆ ಬದಲಾಗಿದೆ, ತೀರ್ಪಿನ ತಿರುಳು ಉಳಿದಿದೆ.

ತೀರ್ಪು ಈಗಲೂ ನಡೆಯುತ್ತದಾ, ಮುಂದೆ ಯಾವುದಾದರೂ ಕೋರ್ಟ್ ತಳ್ಳಿಹಾಕಿದೆಯಾ ಅಂತ ನೋಡುವುದು ಅವರ ಪ್ರಕಾರ ಎಲ್ಲಕ್ಕಿಂತ ಮುಖ್ಯ. 1873ರಲ್ಲಿ ಫ್ರಾಂಕ್ ಶೆಪರ್ಡ್ ಅನ್ನುವವರು ಇದಕ್ಕಾಗಿ ಅಂಟುಚೀಟಿ ಮಾಡಿ ಮಾರುತ್ತಿದ್ದರಂತೆ, ವಕೀಲರು ತಮ್ಮ ಪುಸ್ತಕದ ಅಂಚಿಗೆ ಹಚ್ಚಿಕೊಳ್ಳಲಿ ಅಂತ. ಈಗ ಲೈಬ್ರರಿಯ ಕಂಪ್ಯೂಟರಿನಲ್ಲಿ ತೀರ್ಪಿನ ಪಕ್ಕ ಬಾವುಟ ಬರುತ್ತದೆ, ತಳ್ಳಿಹಾಕಿದ್ದರೆ ಕೆಂಪು, ಎಚ್ಚರಿಕೆ ಬೇಕಿದ್ದರೆ ಹಳದಿ. ದುಬಾರಿ ಸೇವೆ ಅದು, ಅಲ್ಲಿ ಕೂತು ನೋಡಿದರೆ ಬಿಟ್ಟಿ. ಮನೆಯಲ್ಲಿ ತೀರ್ಪು ಓದೋಕೆ ಗೂಗಲ್ ಸ್ಕಾಲರ್, ಕಾಯ್ದೆ ಓದೋಕೆ ಸರ್ಕಾರದ್ದೇ ವೆಬ್‌ಸೈಟ್ ಸಾಕು. ಮಗರಾಯ ಚಾಟ್‌ಬಾಟ್ ಕೇಳಿ ಎರಡು ಕೇಸಿನ ಹೆಸರು ತಂದಿದ್ದ. ಹುಡುಕಿದರೆ ಯಾವ ಸಂಪುಟದಲ್ಲೂ ಇಲ್ಲ. ಲೈಬ್ರರಿಯನ್‌ಗೆ ಆಶ್ಚರ್ಯವೇನೂ ಆಗಲಿಲ್ಲ. 2023ರಲ್ಲಿ ನ್ಯೂಯಾರ್ಕಿನಲ್ಲಿ ವಕೀಲರೇ ಹೀಗೆ ಇಲ್ಲದ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟು 5,000 ಡಾಲರ್ ದಂಡ ಕಟ್ಟಬೇಕಾಯಿತಲ್ಲ!

ಎರಡನೆಯ ಥ್ಯಾಂಕ್ಸ್ ಸಣ್ಣ ದಾವೆ ಕೋರ್ಟಿನ ಸಲಹೆಗಾರರಿಗೆ. ಸಣ್ಣ ಮೊತ್ತದ ಜಗಳ ನೋಡುವ ಕೋರ್ಟು ಅದು, ನಾವು ದಾವೆ ಹಾಕಿದ್ದು ಅಲ್ಲೇ. ಕ್ರಿಮಿನಲ್ ಕೇಸಿನಲ್ಲಿ ಬಡವರಿಗೆ ಸರ್ಕಾರವೇ ವಕೀಲರನ್ನು ಕೊಡಬೇಕು ಅಂತ ಅಮೆರಿಕದ ಸುಪ್ರೀಂ ಕೋರ್ಟಿನ 1963ರ ಗಿಡಿಯನ್ ತೀರ್ಪು ಹೇಳಿದೆ. ಬಾಡಿಗೆ ಜಗಳಕ್ಕೆ ಹಾಗೆ ಯಾರೂ ಸಿಗುವುದಿಲ್ಲ. ಸಣ್ಣ ದಾವೆಯಲ್ಲಂತೂ ಎರಡೂ ಕಡೆಯವರು ವಕೀಲರನ್ನು ಕರೆತರುವ ಹಾಗೇ ಇಲ್ಲ. ಕಂಪನಿಯಾದರೂ ತನ್ನ ನೌಕರನನ್ನೇ ಕಳಿಸಬೇಕು. ಅದು ನಮ್ಮಂಥವರಿಗೆ ದೊಡ್ಡ ಸಮಾಧಾನ. ಒಬ್ಬ ವ್ಯಕ್ತಿ 12,500 ಡಾಲರ್‌ವರೆಗೆ ಕೇಳಬಹುದು. ಸಲಹೆಗಾರರು ದುಡ್ಡು ತೆಗೆದುಕೊಳ್ಳುವುದಿಲ್ಲ. ದಾವೆ ಹಾಕುವ ಎಸ್‌ಸಿ-100 ಫಾರಂ ತುಂಬಿಸುವಾಗ ನನ್ನ ಕಥೆಯನ್ನೆಲ್ಲ ಕತ್ತರಿಸಿ ನಾಲ್ಕು ಸಾಲಿಗೆ ತಂದರು. ಅಡ್ವಾನ್ಸ್ ಮತ್ತು ದಂಡ ಎರಡನ್ನೂ ಕೇಳಿದ್ದರಿಂದ ಫೀಸು 75 ಡಾಲರ್. ಅವರು ಹೇಳಿದ ಇನ್ನೊಂದು ಮಾತು: ಸೋತರೆ ದಾವೆ ಹಾಕಿದವರು ಮೇಲ್ಮನವಿ ಹೋಗುವಂತಿಲ್ಲ. ಒಂದೇ ಅವಕಾಶ.

ಲೆಕ್ಕದ ಪತ್ರ ಬಂದ ಲಕೋಟೆ ಇದೆಯಾ ಅಂತ ಕೇಳಿದ್ದೂ ಅವರೇ. ಅದನ್ನು ಉಳಿಸಿದ್ದು ಅತ್ತೆ. ಲಕೋಟೆಯ ಹಿಂದೆ ಅವರು ದಿನಸಿ ಪಟ್ಟಿ ಬರೆದಿಟ್ಟುಕೊಂಡಿದ್ದರು: ಹುಣಸೆಹಣ್ಣು, ಕಡ್ಲೆಬೇಳೆ, ಬ್ಯಾಡಗಿ ಮೆಣಸಿನಕಾಯಿ. ಮುಂದೆ ಅಂಚೆ ಮುದ್ರೆ. ಅದರಲ್ಲಿದ್ದ ತಾರೀಖು 21 ದಿನ ಮೀರಿ ಎಷ್ಟೋ ಆಚೆ ಇತ್ತು. ಕೋರ್ಟಿನಲ್ಲಿ ಜಡ್ಜ್ ಲಕೋಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಕನ್ನಡದ ಬ್ಯಾಡಗಿ ಮೆಣಸಿನಕಾಯಿ ಹೀಗೆ ದಾಖಲೆ ಸೇರಿತು.

ಕಂಪನಿಗೆ ನೋಟಿಸ್ ತಲುಪಿಸಿದ ಗೆಳೆಯರಿಗೆ ಏನು ಹೇಳಿದರೂ ಕಡಿಮೆ. ದಾವೆ ಹಾಕಿದವರೇ ಕೊಡುವಂತಿಲ್ಲ, 18 ತುಂಬಿದ ಬೇರೆಯವರು ಕೊಡಬೇಕು. ಕಂಪನಿಯ ಪರವಾಗಿ ನೋಟಿಸ್ ತೆಗೆದುಕೊಳ್ಳುವವರು ಯಾರು ಅಂತ ರಾಜ್ಯದ ವೆಬ್‌ಸೈಟಿನಲ್ಲಿ ಹುಡುಕಿ, ಊಟದ ಹೊತ್ತಿನಲ್ಲಿ ಹೋಗಿ ಕೈಗೆ ಕೊಟ್ಟು, ತಲುಪಿಸಿದ ಫಾರಂಗೆ ಸಹಿ ಹಾಕಿ ಬಂದರು. ಪೆಟ್ರೋಲ್ ದುಡ್ಡೂ ತೆಗೆದುಕೊಳ್ಳಲಿಲ್ಲ.

ವಿಚಾರಣೆ ಬೇಗ ಮುಗಿಯಿತು. ತೀರ್ಪು ಅಂಚೆಯಲ್ಲಿ ಬಂತು. ಕಿಟಕಿ ಪರದೆ ಹಾಳಾದದ್ದು ನಿಜ ಅಂತ 60 ಡಾಲರ್ ಕಳೆದು, ಉಳಿದದ್ದು ಪೂರ್ತಿ, ಜೊತೆಗೆ ಕೋರ್ಟ್ ಫೀಸು. ದಂಡ ಕೊಡಿಸಲಿಲ್ಲ. ನಮ್ಮನೆಯವರಿಗೆ ಅದೇ ಕೊರಗು. ಬಿಟ್ಟುಬಿಡೋಣ ಅಂದವರು ಇವರೇನಾ ಅಂತ ನಾವು ಈಗಲೂ ಕಾಲೆಳೆಯುತ್ತೇವೆ. ಆದರೆ ವಿಚಾರಣೆಯ ದಿನ ರಜೆ ಹಾಕಿ ಬಂದು, ಫೋಟೋಗಳನ್ನು ತಾರೀಖಿನ ಪ್ರಕಾರ ಜೋಡಿಸಿಕೊಟ್ಟವರೂ ಅವರೇ.

ನಿಮ್ಮಲ್ಲಿ ಯಾರಾದರೂ ಇಲ್ಲಿ ಮನೆ ಬದಲಿಸುತ್ತಿದ್ದರೆ ಒಂದು ವಿಷಯ ಗೊತ್ತಿರಲಿ. 2025ರ ಏಪ್ರಿಲ್‌ನಿಂದ ಕ್ಯಾಲಿಫೋರ್ನಿಯಾದಲ್ಲಿ, ನೀವು ಮನೆ ಬಿಟ್ಟ ಮೇಲೆ ರಿಪೇರಿಗೆ ಮುಂಚೆ ಮಾಲೀಕರೇ ಫೋಟೋ ತೆಗೆಯಬೇಕು ಅಂತ ಕಾನೂನಾಗಿದೆ. ನೀವೂ ತೆಗೆದಿಟ್ಟುಕೊಳ್ಳಿ. ಲೈಬ್ರರಿಗೆ ಜೊತೆ ಬೇಕಾದರೆ ಹೇಳಿ, ನಾನು ಬರುತ್ತೇನೆ. ಶನಿವಾರ ಭಾನುವಾರ ಬಾಗಿಲು ಹಾಕಿರುತ್ತೆ. ವಾರದ ದಿನವೇ ರಜೆ ಹಾಕಬೇಕು.