ಮಾರಾಟಕ್ಕಿಲ್ಲದ ಮನೆಗೂ ಗಿರಾಕಿ!

ಮಾನ್ಯರೇ,

ನಿಟುವಳ್ಳಿಯ ನಮ್ಮ ಮನೆ ಮಾರಾಟಕ್ಕಿಲ್ಲ. ಆದರೂ ಒಂದೇ ತಿಂಗಳಲ್ಲಿ ಮೂರು ಸಲ ಫೋನ್ ಬಂತು. ‘ಮನೆ ಕೊಡ್ತೀರಾ? ಇವತ್ತೇ ಅಡ್ವಾನ್ಸ್ ಹಾಕ್ತೀವಿ, ಪತ್ರದ ಫೋಟೊ ಕಳಿಸಿ.’ ಮನೆ ನೋಡದೆಯೇ ಪೇಟೆ ದರಕ್ಕಿಂತ ಜಾಸ್ತಿ ಬೆಲೆ! ನಮ್ಮೂರಲ್ಲಿ ಬೆಣ್ಣೆ ದೋಸೆಗೂ ನಾಲ್ಕು ಹೋಟೆಲ್ ವಿಚಾರಿಸ್ತಾರೆ, ಅಲ್ವಾ? ‘ಮನೆಗೇ ಬನ್ನಿ, ನಮ್ಮ ವಕೀಲರೂ ಇರ್ತಾರೆ’ ಎಂದೆ. ಫೋನ್ ಕಟ್.

ಪಕ್ಕದ ಮನೆ ಅಜ್ಜಿ ಮಾತ್ರ ಫೋಟೊ ಕಳಿಸಿಬಿಟ್ಟಿದ್ದರು. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಇ.ಸಿ. (ಆಸ್ತಿಯ ಮೇಲಿನ ಮಾರಾಟ, ಅಡಮಾನದ ನೋಂದಣಿ ವಿವರ ತೋರಿಸುವ ಋಣಭಾರ ಪತ್ರ) ತೆಗೆದು ನೋಡಿದೆವು, ಸದ್ಯ ಏನೂ ಆಗಿಲ್ಲ. ಆಸ್ತಿ ಮಾರುವಾಗ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತೆಯೇ ಇಲ್ಲ. ಒಟಿಪಿ ಹೇಳಿ ದುಡ್ಡು ಹೋದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಒಂಟಿಯಾಗಿರುವ ಹಿರಿಯರಿಗೆ ಬೀಟ್ ಪೊಲೀಸರು ಇದನ್ನೆಲ್ಲ ಮನೆ ಬಾಗಿಲಿಗೇ ಬಂದು ಹೇಳಲಿ.

– ಓದುಗ, ದಾವಣಗೆರೆ