ನಮ್ಮ ನವಿಲಿನ ಕೂಗಿಗೆ ನಿಮ್ಮ ಕ್ಲೇಮ್

ನಮ್ಮ ಹಾಡುಗಳನ್ನು ಆ್ಯಪ್‌ಗಳಿಗೆ ಹಂಚುವ ಕಂಪನಿಯ ಗ್ರಾಹಕ ಸೇವೆಯವರಿಗೆ,

ನಮಸ್ಕಾರ. ನಮ್ಮದೇ ಹಾಡಿನ ಮೇಲೆ ಬೇರೆಯವರ ಹೆಸರಲ್ಲಿ ಬಿದ್ದ ಕ್ಲೇಮ್ ಬಗ್ಗೆ, ಅಂದರೆ "ಇದರ ಹಕ್ಕು ನಮ್ಮದು" ಅನ್ನುವ ದಾವೆಯ ಬಗ್ಗೆ, ಇದು ನಿಮಗೆ ನಾನು ಬರೆಯುತ್ತಿರುವ ಏಳನೇ ಪತ್ರ. ಮೊದಲಿನ ಆರರ ಉತ್ತರವೂ ಒಂದೇ ಸಾಲಿನಲ್ಲಿ ಮುಗಿದಿದೆ, ಅಲ್ಪವಿರಾಮ ಕೂಡ ಬದಲಾಗಿಲ್ಲ: "ನಿಮ್ಮ ತಾಳ್ಮೆಗೆ ಧನ್ಯವಾದ." ತಾಳ್ಮೆ ಮುಗಿಯಿತು ಮಾರಾಯ್ರೆ. ಹಾಗಾಗಿ ಈ ಸಲ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕನ್ನಡದಲ್ಲೇ. "ನಿಮ್ಮ ಭಾಷೆಯಲ್ಲೇ ಸಹಾಯ" ಅಂತ ನಿಮ್ಮ ಜಾಹೀರಾತಿನಲ್ಲಿ ಇದೆ, ಅಲ್ವಾ?

ಕಾಸರಗೋಡಿನ ಬದಿಯಡ್ಕದ ಹತ್ತಿರ, ಹಾಡು ರೆಕಾರ್ಡ್ ಮಾಡಿ ಬಿಡುಗಡೆ ಮಾಡುವ ನಮ್ಮದೊಂದು ಪುಟ್ಟ ಲೇಬಲ್. ಲೇಬಲ್ ಅಂದರೆ ನಾನು, ನನ್ನ ತಂಗಿ, ಎರಡು ಮೈಕು. ಹಳೇ ಅಡಿಕೆ ಕೋಣೆಯ ಗೋಡೆಗೆ ಹಾಸಿಗೆ ಹೊಡೆದು ಸ್ಟುಡಿಯೋ ಮಾಡಿಕೊಂಡಿದ್ದೇವೆ. ತೆಂಕುತಿಟ್ಟಿನ ಯಕ್ಷಗಾನದ ಪದಗಳು, ಭಜನೆ, ಸ್ವಲ್ಪ ಭಾವಗೀತೆ, ಇಷ್ಟೇ ನಮ್ಮ ಸರಕು. ಒಟ್ಟು ಇಪ್ಪತ್ತೆರಡು ಟ್ರ್ಯಾಕ್. ಅದರಲ್ಲಿ ದುಡ್ಡು ತರುವುದು ಎಂಟು, ಯಾಕೆಂದರೆ 2024ರಿಂದ ಸ್ಪಾಟಿಫೈಯಲ್ಲಿ ವರ್ಷಕ್ಕೆ 1,000 ಸಲ ಕೇಳಿಸಿಕೊಳ್ಳದ ಟ್ರ್ಯಾಕಿಗೆ ಒಂದು ಪೈಸೆಯೂ ಇಲ್ಲ. ಆ ಎಂಟರಲ್ಲೂ ಮನೆ ನಡೆಸುವುದು ಒಂದೇ ಒಂದು: ಹಳೇ ಯಕ್ಷಗಾನ ಕವಿ ಪಾರ್ತಿಸುಬ್ಬನ ಪಂಚವಟಿ ಪ್ರಸಂಗದ ಪದ. ನೀವು ಕೈ ಹಾಕಿದ್ದೂ ಅದಕ್ಕೇ.

ಆದದ್ದು ಇಷ್ಟು. ಯಾರೋ ಒಬ್ಬರು ನಮ್ಮ ಚಾನೆಲ್‌ನಿಂದ ಆ ಪದದ ಆಡಿಯೋ ಎತ್ತಿದರು, ಸ್ವಲ್ಪ ನಿಧಾನ ಮಾಡಿದರು, ಮೇಲೆ ಮಳೆ ಸದ್ದು ಸುರಿದರು, "ಲೋಫೈ" ಅಂತ ಹೆಸರಿಟ್ಟು ನಿಮ್ಮಲ್ಲೇ ಇನ್ನೊಂದು ಖಾತೆ ತೆರೆದು ಅಪ್‌ಲೋಡ್ ಮಾಡಿದರು. ನೀವು ಅದನ್ನು ಕೇಳದೆ ನೋಡದೆ ಯೂಟ್ಯೂಬಿನ ಕಂಟೆಂಟ್ ಐಡಿಗೆ, ಅಂದರೆ ಒಂದೇ ಥರದ ಹಾಡು ಕಂಡರೆ ತಾನೇ ಕ್ಲೇಮ್ ಹಾಕುವ ಮಿಷನ್ನಿಗೆ, ಸೇರಿಸಿದಿರಿ. ಮಿಷನ್ನು ತನ್ನ ಕೆಲಸ ಮಾಡಿತು. ಒಂದು ಬೆಳಗ್ಗೆ ನಮ್ಮದೇ ಹಾಡಿನ ಮೇಲೆ, ನಮ್ಮದೇ ಚಾನೆಲ್‌ನಲ್ಲಿ, ಅವರ ಕ್ಲೇಮ್ ಬಂದು ಕೂತಿತ್ತು. ಸಾಲದು ಅಂತ ನಿಮ್ಮಲ್ಲಿ ನಮ್ಮ ಗಳಿಕೆ ಜಮೆಯಾಗುವ ವಾಲೆಟ್ಟಿಗೂ ಬೀಗ ಬಿತ್ತು. "ಬೇರೆಯವರ ಹಕ್ಕಿನ ಧ್ವನಿ ಬಳಸಿದ ಸಂಶಯ" ಅಂತೆ. ಮನೆಯವನನ್ನೇ ಕಳ್ಳ ಅಂತ ಕಟ್ಟಿ ಹಾಕಿದ ಹಾಗಾಯಿತು.

ಈಗ ಹೆಡ್‌ಫೋನ್ ಹಾಕಿಕೊಂಡು ನಮ್ಮ ಟ್ರ್ಯಾಕಿನ 2 ನಿಮಿಷ 41ನೇ ಸೆಕೆಂಡಿಗೆ ಬನ್ನಿ. ನಾವು ರೆಕಾರ್ಡ್ ಮಾಡುವುದು ಬೆಳಗಿನ ಜಾವ, ಮುಳ್ಳೇರಿಯಾ ಕಡೆಯ ಬಸ್ಸುಗಳು ಶುರುವಾಗುವ ಮೊದಲು. ಆ ದಿನ ಭಾಗವತರು ಪದ ಎತ್ತಿ, ಮದ್ದಳೆ ಒಂದು ಉಸಿರು ನಿಂತಾಗ, ಹಿಂದಿನ ಗುಡ್ಡದಲ್ಲಿ ಒಂದು ನವಿಲು ಕೂಗಿತು. ಎರಡು ಸಲ. ತೆಗೆಯೋಣ ಅಂತ ನಾನು ಅಂದೆ. ಭಾಗವತರು ನಕ್ಕು, "ಇರಲಿ ಬಿಡಿ, ಪಂಚವಟಿ ಅಲ್ವಾ, ಕಾಡೇ" ಅಂದರು. ಹಾಗೇ ಬಿಟ್ಟೆವು. ಈಗ ಆ ಮಳೆ ಸದ್ದಿನ ಹಾಡನ್ನು ಹಾಕಿ. ಮಳೆಯ ಹಿಂದೆ, ಸ್ವಲ್ಪ ಎಳೆದ ದನಿಯಲ್ಲಿ, ಅದೇ ನವಿಲು, ಅದೇ ಎರಡು ಸಲ. ಬದಿಯಡ್ಕದ ನವಿಲು ಅವರ ಬೆಡ್‌ರೂಮಿಗೆ ಹೋಗಿ ತಾಳ ತಪ್ಪದೆ ಕೂಗಿ ಬಂತಾ? ಇದಕ್ಕಿಂತ ದೊಡ್ಡ ಸಾಕ್ಷಿ ನಾನು ಎಲ್ಲಿಂದ ತರಲಿ?

ಆದರೂ ತಂದಿದ್ದೇನೆ. ರೆಕಾರ್ಡಿಂಗಿನ ಮೂಲ ಫೈಲು, ಚೆಂಡೆ ಬೇರೆ, ಮದ್ದಳೆ ಬೇರೆ, ದನಿ ಬೇರೆ. ಭಾಗವತರು ಸಹಿ ಹಾಕಿದ ಒಪ್ಪಂದ. ನೀವೇ ಕೊಟ್ಟ ಐಎಸ್‌ಆರ್‌ಸಿ ನಂಬರ್, ಅಂದರೆ ಪ್ರತಿ ರೆಕಾರ್ಡಿಂಗಿಗೂ ಇರುವ ಗುರುತಿನ ಸಂಖ್ಯೆ. ನಮ್ಮ ಬಿಡುಗಡೆ ಮೊದಲು, ಅವರದು ಎರಡು ವರ್ಷ ನಂತರ, ಎರಡೂ ತಾರೀಕು ನಿಮ್ಮ ಕಂಪ್ಯೂಟರಿನಲ್ಲೇ ಇವೆ. ಇಷ್ಟೆಲ್ಲ ಕಳಿಸಿದ ಮೇಲೆ ನಿಮ್ಮವರು ಕೇಳಿದ್ದೇನು ಗೊತ್ತಾ? "ಸಾಹಿತ್ಯ ಬರೆದವರ ಒಪ್ಪಿಗೆ ಪತ್ರ." ಪಾರ್ತಿಸುಬ್ಬನದ್ದು! ಕುಂಬಳೆಯ ಆ ಪುಣ್ಯಾತ್ಮ ತೀರಿಕೊಂಡು ಶತಮಾನಗಳಾಗಿವೆ. ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಎದುರು ನಿಂತು ಕೂಗಿ ಕರೆಯಲಾ? ಕವಿ ಸತ್ತು 60 ವರ್ಷ ಕಳೆದರೆ ಸಾಹಿತ್ಯ ಎಲ್ಲರದ್ದು. ಆದರೆ ಅದನ್ನು ಹಾಡಿಸಿ ಮಾಡಿದ ರೆಕಾರ್ಡಿಂಗ್ ಬೇರೆಯೇ ಆಸ್ತಿ, ಅದಕ್ಕೆ ಪ್ರಕಟವಾದ ಮೇಲೆ 60 ವರ್ಷ ಹಕ್ಕು ಇರುತ್ತದೆ. 1957ರ ಕಾಪಿರೈಟ್ ಕಾಯ್ದೆಯಲ್ಲೇ ಇದೆ. ಇದು ನಿಮಗೆ ಗೊತ್ತಿಲ್ಲದ್ದಲ್ಲ, ನಿಮ್ಮ ವ್ಯಾಪಾರವೇ ಇದು.

ಯೂಟ್ಯೂಬಿನಲ್ಲಿ ನಾನು ತಕರಾರು ಹಾಕಿದೆ. ಅದಕ್ಕೆ ಉತ್ತರ ಕೊಡಲು ಕ್ಲೇಮ್ ಹಾಕಿದವರಿಗೆ 30 ದಿನ ಸಮಯ. ಅಂದರೆ ಅವರ ಪರವಾಗಿ ಹಾಕಿದ ನಿಮಗೆ. ನೀವು ಇಪ್ಪತ್ತೊಂಬತ್ತನೇ ದಿನ "ಕ್ಲೇಮ್ ಸರಿ ಇದೆ" ಅಂತ ಒತ್ತಿದಿರಿ. ಇನ್ನು ನನಗೆ ಉಳಿದದ್ದು ಅಪೀಲು. ಅದನ್ನೂ ನೀವು ಒಪ್ಪದಿದ್ದರೆ ವಿಡಿಯೋ ಹೋಗಿ ಸ್ಟ್ರೈಕ್ (ಕಾಪಿರೈಟ್ ಮುರಿದ ಎಚ್ಚರಿಕೆ) ಬೀಳಬಹುದು, ಮೂರು ಸ್ಟ್ರೈಕ್ ಬಿದ್ದರೆ ಚಾನೆಲ್ಲೇ ಹೋಗುತ್ತದೆ. ನಮ್ಮದೇ ಹಾಡನ್ನು ನಮ್ಮದು ಅಂತ ಹೇಳಲು ಅಂಗಡಿಯನ್ನೇ ಪಣಕ್ಕಿಡಬೇಕಾ? ದೊಡ್ಡ ಕಂಪನಿಗಳಿಗೆ ಈ ಗೋಳಿಲ್ಲ, ಕಂಟೆಂಟ್ ಐಡಿ ಅವರ ಕೈಯಲ್ಲೇ ಇರುತ್ತದೆ, ಕರೆದರೆ ಮಾತಾಡುವ ಮನುಷ್ಯನೂ ಇರುತ್ತಾನೆ. ನಮ್ಮಂಥವರು ನಿಮ್ಮ ಕೊಳವೆಯಿಂದಲೇ ಹೋಗಬೇಕು. 2024ರ ಡಿಸೆಂಬರಿನಲ್ಲಿ ದೈತ್ಯ ಸಂಗೀತ ಕಂಪನಿ ಯೂನಿವರ್ಸಲ್‌ನವರು ಹಾಡು ಹಂಚಿಕೆ ಮಾಡುವ ಡೌನ್‌ಟೌನ್ ಕಂಪನಿಯನ್ನು 77.5 ಕೋಟಿ ಡಾಲರಿಗೆ ಕೊಳ್ಳುತ್ತೇವೆ ಅಂದಾಗ ಯುರೋಪಿನ ಸ್ವತಂತ್ರ ಲೇಬಲ್‌ಗಳು ಬೊಬ್ಬೆ ಹೊಡೆದದ್ದು ಸುಮ್ನೆ ಅಲ್ಲ. ಕೊಳವೆ ಯಾರ ಕೈಯಲ್ಲಿದೆಯೋ ನೀರು ಅವರದ್ದು. ಅಲ್ಲಿಯವರಿಗೆ ಸಂಘ ಇದೆ, ವಕೀಲರಿದ್ದಾರೆ. ಇಲ್ಲಿ ನನ್ನ ತಂಗಿ ಇದ್ದಾಳೆ, ಸಂಜೆ ಟ್ಯೂಷನ್ ಮುಗಿಸಿ ಬಂದು ನಿಮಗೆ ದೂರಿನ ಟಿಕೆಟ್ ಹಾಕುತ್ತಾಳೆ.

ಇನ್ನೊಂದು ವಿಷಯ, ಚಿಕ್ಕದು, ಆದರೆ ಹೊಟ್ಟೆ ಉರಿಯುತ್ತದೆ. ನಾನು ಅಪ್‌ಲೋಡ್ ಮಾಡುವಾಗ ಭಾಷೆ "ಕನ್ನಡ" ಅಂತ ತುಂಬಿದ್ದೇನೆ. ವಿಳಾಸದಲ್ಲಿ ಕೇರಳ ಅಂತ ಕಂಡದ್ದೇ ನೀವು ಐದು ಟ್ರ್ಯಾಕನ್ನು ಮಲಯಾಳಂ ಮಾಡಿಬಿಟ್ಟಿರಿ. ಮಲಯಾಳಂ ಬಗ್ಗೆ ತಕರಾರಿಲ್ಲ, ಪೇಟೆಯಲ್ಲಿ ದಿನಾ ಮಾತಾಡುತ್ತೇವೆ. ಆದರೆ ಭಾಗವತಿಕೆಯ ಪದ ಮಲಯಾಳಂ ಪಟ್ಟಿಯಲ್ಲಿ ಕೂತರೆ ಕೇಳಬೇಕಾದ ಪುತ್ತೂರಿನವರಿಗೂ ಸಿಗುವುದಿಲ್ಲ, ಎದುರಾದ ಕಣ್ಣೂರಿನವರಿಗೂ ಬೇಡ. 1956ರ ನವೆಂಬರ್ 1ಕ್ಕೆ ಕಾಸರಗೋಡನ್ನು ಕೇರಳಕ್ಕೆ ಹಾಕಿ ಗಡಿ ಎಳೆದಾಗ ನಮ್ಮನ್ನು ಕೇಳಲಿಲ್ಲ, ಈಗ ಡ್ರಾಪ್‌ಡೌನ್ ಮೆನುವೂ ಕೇಳುವುದಿಲ್ಲ.

ದುಡ್ಡಿನ ಮಾತಿಗೆ ಬರೋಣ. ಬೀಗ ಹಾಕಿದ ವಾಲೆಟ್ಟಿನಲ್ಲಿ 11,340 ರೂಪಾಯಿ ಇದೆ. ನಿಮಗೆ ಅದು ಒಂದು ಮಧ್ಯಾಹ್ನದ ಊಟದ ಬಿಲ್ಲು ಇರಬಹುದು. ಅದರಲ್ಲಿ ಅರ್ಧ ಹಿಮ್ಮೇಳದವರದ್ದು. ಭಾಗವತರು ಬಾಯಿಬಿಟ್ಟು ಕೇಳುವವರಲ್ಲ, ವಾರಕ್ಕೊಮ್ಮೆ ಫೋನ್ ಮಾಡಿ ಮಳೆ ಬೆಳೆ ಎಲ್ಲ ಮಾತಾಡಿ, ಕೊನೆಗೆ "ಮತ್ತೆ ಎಂತ ವಿಶೇಷ?" ಅಂತಾರೆ. ಆ "ಎಂತ ವಿಶೇಷ"ಕ್ಕೆ ನಾನು ನಾಲ್ಕು ತಿಂಗಳಿಂದ ಉತ್ತರ ಕೊಟ್ಟಿಲ್ಲ.

ನಮ್ಮದು ಸರ್ಕಾರದ ಉದ್ಯಮ್ ನೋಂದಣಿ ಇರುವ ಸಣ್ಣ ಘಟಕ. ನಮ್ಮಂಥ ಸಣ್ಣವರಿಗೆ ಕೊಡಬೇಕಾದ ಹಣವನ್ನು ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಇವತ್ತಿನಿಂದ 15 ದಿನ ನೋಡುತ್ತೇನೆ. ಕ್ಲೇಮ್ ತೆಗೆಯಿರಿ, ಆ ಮಳೆ ಹಾಡನ್ನು ಎಲ್ಲ ಆ್ಯಪ್‌ಗಳಿಂದ ಇಳಿಸಿ, ಅದರ ಹೆಸರಲ್ಲಿ ಬಂದ ದುಡ್ಡಿನ ಲೆಕ್ಕ ಕೊಡಿ, ವಾಲೆಟ್ ಬಿಡಿ, ಐದು ಟ್ರ್ಯಾಕಿನ ಭಾಷೆ ಸರಿ ಮಾಡಿ. ಆಗದಿದ್ದರೆ ಆ ಕಾಯ್ದೆಯಡಿ ದೂರು ಹಾಕುತ್ತೇನೆ, ಕಾಗದ ಪತ್ರ ಎಲ್ಲ ರೆಡಿ ಇದೆ.

ಮತ್ತೆ "ನಿಮ್ಮ ತಾಳ್ಮೆಗೆ ಧನ್ಯವಾದ" ಅಂತ ಕಳಿಸಬೇಡಿ. ಕಿವಿ ಇರುವ ಯಾರಾದರೂ ಒಬ್ಬರು ಆ ನವಿಲಿನ ಕೂಗನ್ನು ಎರಡೂ ಟ್ರ್ಯಾಕಿನಲ್ಲಿ ಕೇಳಿ, ನನಗೆ ಫೋನ್ ಮಾಡಲಿ. ನಂಬರ್ ನಿಮ್ಮಲ್ಲಿದೆ. ಬೆಳಗ್ಗೆ ಆರರ ಒಳಗೆ ಮಾತ್ರ ಬೇಡ, ಆಗ ರೆಕಾರ್ಡಿಂಗ್ ಇರುತ್ತದೆ.

ಇತಿ,
ಇಪ್ಪತ್ತೆರಡು ಟ್ರ್ಯಾಕಿನ ಲೇಬಲ್‌ನವನು, ಕಾಸರಗೋಡು