ಹತ್ತನೇ ಕ್ಲಾಸಿನ ಪೋಷಕರಿಗೆ: ರಟ್ಟು, ದಾರ, ಹನ್ನೆರಡು ಪೀರಿಯಡ್

ಪೋಷಕರೇ, ನಮಸ್ಕಾರ.

ಅಡಿಕೆ ಕೊನೆ ಕೊಯ್ಲು ಶುರುವಾಗಿದೆ, ಮನೆಯಲ್ಲಿ ಎಷ್ಟು ಕೈ ಇದ್ದರೂ ಸಾಲದು, ಗೊತ್ತು. ನಾನೂ ತೀರ್ಥಹಳ್ಳಿ ಕಡೆಯವನೇ, ರಾತ್ರಿ ಅಡಿಕೆ ಸುಲಿದು ಬೆಳಿಗ್ಗೆ ಕ್ಲಾಸಿನಲ್ಲಿ ತೂಕಡಿಸಿದವನು. ಆದರೂ ಕೇಳುತ್ತಿದ್ದೇನೆ: ಸೋಮವಾರದಿಂದ ಎರಡು ವಾರ, ಹನ್ನೆರಡು ಗಣಿತದ ಪೀರಿಯಡ್, ಮಕ್ಕಳನ್ನು ಮನೆಯಲ್ಲಿ ನಿಲ್ಲಿಸಿಕೊಳ್ಳಬೇಡಿ. ತ್ರಿಕೋನಮಿತಿ, ಅಂದರೆ ತ್ರಿಭುಜದ ಕೋನ ಮತ್ತು ಬಾಹುಗಳ ಲೆಕ್ಕ, ಶುರು ಮಾಡುತ್ತಿದ್ದೇವೆ. ಒಂದು ದಿನ ತಪ್ಪಿದರೆ ಮರುದಿನದ್ದು ತಲೆಗೆ ಹತ್ತುವುದಿಲ್ಲ.

ಈ ಸಲ ಸೈನ್, ಕಾಸ್, ಟ್ಯಾನ್ ಬೆಲೆಗಳ ಟೇಬಲ್ ಬಾಯಿಪಾಠ ಮೊದಲಿಗೇ ಇಲ್ಲ. ನಾವು ಓದುವಾಗ ಸೈನ್ 90 ಅಂದರೆ 1, ಬರ್ಕೊಳ್ಳಿ ಅಂದರು, ಸುಮ್ನೆ ಬರ್ಕೊಂಡೆವು. ಸೈನ್ ಅಂದರೆ ಲಂಬಕೋನ ತ್ರಿಭುಜದಲ್ಲಿ ಕೋನದ ಎದುರಿನ ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು. ಆ ತ್ರಿಭುಜದಲ್ಲಿ ಆಗಲೇ ಒಂದು ಕೋನ 90 ಡಿಗ್ರಿ, ಇನ್ನೊಂದೂ 90 ಆಗುವುದು ಹೇಗೆ, ಅಲ್ವಾ? ತ್ರಿಭುಜ ಅಲ್ಲಿ ಕೈ ಕೊಡುತ್ತದೆ.

ಅದಕ್ಕೇ ಯೂನಿಟ್ ಸರ್ಕಲ್, ಅಂದರೆ ತ್ರಿಜ್ಯ ಒಂದು ಇರುವ ವೃತ್ತ. ನಾವು 10 ಸೆಂ.ಮೀ.ಯನ್ನೇ ಒಂದು ಅಂತ ಇಟ್ಟುಕೊಳ್ಳುತ್ತೇವೆ. ರಟ್ಟಿಗೆ ಗ್ರಾಫ್ ಹಾಳೆ ಅಂಟಿಸಿ, ನಡುವೆ ಗುಂಡುಸೂಜಿ ಚುಚ್ಚಿ, ದಾರ ಕಟ್ಟಿ ವೃತ್ತ ಎಳೆಯುವುದು. ದಾರವನ್ನು ನಡುವಿನ ಅಡ್ಡಗೆರೆಯಿಂದ 30 ಡಿಗ್ರಿಗೆ ತಿರುಗಿಸಿದರೆ ತುದಿ ಆ ಗೆರೆಯಿಂದ ಸರಿಯಾಗಿ 5 ಸೆಂ.ಮೀ. ಮೇಲಿರುತ್ತದೆ. ಈ ಎತ್ತರವೇ ಸೈನ್; 10 ಸೆಂ.ಮೀ. ಒಂದು ಆದ್ದರಿಂದ ಸೈನ್ 30 ಅಂದರೆ 0.5. ನಡುವಿನಿಂದ ಬಲಕ್ಕೆ ಸುಮಾರು 8.7 ಸೆಂ.ಮೀ., ಅಂದರೆ 0.87, ಅದು ಕಾಸ್. 90ಕ್ಕೆ ತಂದರೆ ಎತ್ತರ ಪೂರ್ತಿ 10, ಬಲಕ್ಕೆ ಸೊನ್ನೆ. ಟ್ಯಾನ್ ಅಂದರೆ ಎತ್ತರವನ್ನು ಬಲಕ್ಕಿರುವ ದೂರದಿಂದ ಭಾಗಿಸುವುದು; ಇಲ್ಲಿ ಸೊನ್ನೆಯಿಂದ ಭಾಗಿಸಬೇಕು, ಅದು ಆಗುವುದಿಲ್ಲ, ಹಾಗಾಗಿ ಟ್ಯಾನ್ 90ಕ್ಕೆ ಬೆಲೆಯೇ ಇಲ್ಲ. ಮಕ್ಕಳು ಇದನ್ನು ತಾವೇ ಅಳೆದು ನೋಡಲಿ. ಟೇಬಲ್ ಆಮೇಲೆ ಅದರಷ್ಟಕ್ಕೆ ಬರುತ್ತದೆ.

ಇನ್ನೊಂದು ಮಜಾ. ಆರ್ಯಭಟ 499ರಲ್ಲೇ ಈ ಎತ್ತರಗಳ ಪಟ್ಟಿ ಕೊಟ್ಟಿದ್ದ, ಅದಕ್ಕೆ ಜ್ಯಾ ಅಂತಿದ್ದರು, ಬಿಲ್ಲಿನ ಹೆದೆ. ಜೀವಾ ಅಂತಲೂ ಕರೆಯುತ್ತಿದ್ದರು. ಅದು ಅರಬ್ಬಿಗೆ ಹೋಗಿ, ಅಲ್ಲಿ ಓದುವಾಗ ತಪ್ಪಿ ಜೈಬ್ ಆಯಿತು, ನಮ್ಮ ಅಂಗಿಯ ಜೇಬೂ ಅದೇ ಪದ. ಜೈಬ್ ಲ್ಯಾಟಿನ್ನಿಗೆ ಅನುವಾದವಾಗಿ ಸೈನಸ್ ಆಗಿ, ಸೈನ್ ಆಗಿ ತಿರುಗಿ ನಮ್ಮ ಪುಸ್ತಕಕ್ಕೇ ಬಂತು.

ಕೊನೆಯ ಪೀರಿಯಡ್ ತೋಟದಲ್ಲಿ. ಅಡಿಕೆ ಮರದ ತುದಿ 45 ಡಿಗ್ರಿಗೆ ಕಾಣುವ ತನಕ ಹಿಂದೆ ಹಿಂದೆ ಹೋಗಿ ನಿಂತರೆ, ಬುಡಕ್ಕೆ ಇರುವ ದೂರಕ್ಕೆ ನಮ್ಮ ಕಣ್ಣಿನ ಎತ್ತರ ಸೇರಿಸಿದರೆ ಮರದ ಎತ್ತರ. ಕೊನೆ ಕೊಯ್ಯುವ ದೋಟಿ ಎಷ್ಟುದ್ದ ಬೇಕು ಅಂತ ನಿಮ್ಮ ಮಗಳೇ ಹೇಳಬಹುದು. ಇದಕ್ಕೆ ಮಟ್ಟಸ ಜಾಗ ಬೇಕು, ಗುಡ್ಡದ ಇಳಿಜಾರಿನ ತೋಟ ಬೇಡ.

ಏನೂ ಕೊಂಡು ತರಬೇಡಿ. ಹಳೇ ರಟ್ಟಿನ ಪೆಟ್ಟಿಗೆ ಇದ್ದರೆ ಕಳಿಸಿ. ಶಾಲೆ ಹತ್ತಿರ ಮಟ್ಟದ ತೋಟ ಇರುವವರು ಒಂದು ಬೆಳಿಗ್ಗೆ ಬಿಟ್ಟುಕೊಡುವಿರಾದರೆ ಶುಕ್ರವಾರದೊಳಗೆ ಮಗುವಿನ ಕೈಯಲ್ಲೇ ಹೇಳಿ ಕಳಿಸಿ.

ಇಂತಿ,
ಮುಖ್ಯ ಶಿಕ್ಷಕ